ಹುಲಗೆಮ್ಮ ಹತ್ತದ ಗಾಡಿ

ದೇವದುರ್ಗದಿಂದ ಹೊರಟ ಬಸ್ಸಿನ ಹಿಂದೆ ಖಾಲಿ ಪಿಕಪ್ ಗಾಡಿಯೊಂದು ಬಾಲದಂತೆ ಹತ್ತಿಕೊಂಡು ಬರುತ್ತಿದ್ದರೆ ಆ ಬಸ್ಸಿನಲ್ಲಿ ಹುಲಗೆಮ್ಮ ಇದ್ದಾಳೆ ಎಂದು ತಿಳಿಯಬೇಕು. ಪಿಕಪ್ಪಿನಲ್ಲಿ ಇರುವವನು ಅವಳ ಗಂಡ ಗದ್ದೆಪ್ಪ. ಇಬ್ಬರೂ ಹೋಗುವುದು ಒಂದೇ ಊರಿಗೆ, ಒಂದೇ ಮದುವೆಗೆ. ಅವಳು ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಬಸ್ಸಿನಲ್ಲಿ ಹೋಗುತ್ತಾಳೆ, ಅವನು ಡೀಸೆಲ್ ಸುಟ್ಟುಕೊಂಡು ಹಿಂದೆ ಹೋಗುತ್ತಾನೆ. ಬಸ್ಸು ನಿಂತಲ್ಲೆಲ್ಲ ಇವನೂ ನಿಲ್ಲುತ್ತಾನೆ. ಕಂಡಕ್ಟರುಗಳು ಕಿಟಕಿಯಿಂದ ತಲೆ ಹಾಕಿ, "ಗದ್ದೆಪ್ಪಣ್ಣ, ಅಕ್ಕ ಆರಾಮ್ ಅದಾಳ, ಜಾಗ ಸಿಕ್ಕದ" ಎಂದು ಸುದ್ದಿ ಕೊಡುವಷ್ಟು ಇದು ರೂಢಿಯಾಗಿತ್ತು. ಮೂರು ವರ್ಷ ಈ ಮೆರವಣಿಗೆ ನಡೆಯಿತು.

ನಾನು ಸಿದ್ದರಾಮಪ್ಪ. ದೇವದುರ್ಗದಲ್ಲಿ ರಾಯಚೂರು ರಸ್ತೆಯ ಮೇಲೆ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು. ನನಗೆ ಸಿಟ್ಟು ಬೇಗ ಬರುತ್ತದೆ. ನನ್ನ ಹೆಂಡತಿ ಹೇಳಿ ನೀವು ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ಒಳ್ಳೆಯದು. ಆದರೆ ಈ ಕಥೆಯಲ್ಲಿ ನನಗೆ ಬಂದ ಸಿಟ್ಟು ನ್ಯಾಯವಾದ ಸಿಟ್ಟು. ಮೂವತ್ತು ವರ್ಷದಲ್ಲಿ ನನ್ನ ಮಾಲಿಗೆ ಡೂಪ್ಲಿಕೇಟ್ ಎಂದವರು ಯಾರೂ ಇರಲಿಲ್ಲ. ಗದ್ದೆಪ್ಪನ ಮುಂದಿನ ಎರಡು ಗಾಲಿಗಳು ಅದನ್ನೂ ಅನ್ನಿಸಿದವು.

ಗದ್ದೆಪ್ಪನನ್ನು ಊರಲ್ಲಿ ತತ್ತಿ ಗದ್ದೆಪ್ಪ ಎನ್ನುತ್ತಾರೆ. ರಾಯಚೂರಿನಲ್ಲಿ ಕೋಳಿಮೊಟ್ಟೆಯ ಟ್ರೇಗಳನ್ನು ಹೇರಿಕೊಂಡು ದೇವದುರ್ಗದ ಅಂಗಡಿಗಳಿಗೆ ಹಂಚುವುದು ಅವನ ಕಸುಬು. ಹದಿನಾರನೆಯ ವಯಸ್ಸಿಗೆ ರಾಯಚೂರಿನ ಹತ್ತಿ ಮಿಲ್ಲಿನ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿದವನು, ಡ್ರೈವರ್ ಆದ, ಕೊನೆಗೆ ಒಂದು ಹಳೆಯ ಪಿಕಪ್ ಕೊಂಡು ಮಾಲೀಕನೂ ಆದ. ಸ್ಟೇರಿಂಗ್ ಹಿಡಿದು ಇಪ್ಪತ್ತಾರು ವರ್ಷವಾಯಿತು. ಗಾಡಿ ಹತ್ತುವಾಗ ಚಪ್ಪಲಿ ಕಳಚಿ ಕೈಮುಗಿಯುತ್ತಾನೆ, ಬರಿಗಾಲಲ್ಲೇ ನಡೆಸುತ್ತಾನೆ. ಕೇಳಿದರೆ, "ಬರಿಗಾಲಿಲೆ ಒತ್ತಿದ್ರ ಗಾಡಿ ಏನಂತದ ತಿಳೀತದ್ರಿ" ಎನ್ನುತ್ತಾನೆ. ನಮ್ಮ ರಸ್ತೆಗಳ ಹೊಂಡ ನೋಡಿದವರಿಗೆ ಗೊತ್ತು, ಇಲ್ಲಿ ಮನುಷ್ಯರ ಸೊಂಟವೇ ಸರಿಯಾಗಿ ಊರು ಮುಟ್ಟುವುದಿಲ್ಲ. ಗದ್ದೆಪ್ಪನ ಗಾಡಿಯಲ್ಲಿ ತತ್ತಿ ಮುಟ್ಟುತ್ತಿದ್ದವು. ಒಂದು ಲೋಡಿನಲ್ಲಿ ನಾಲ್ಕು ಒಡೆದರೆ ಅವನಿಗೆ ಅವತ್ತು ಊಟ ಸೇರುತ್ತಿರಲಿಲ್ಲ.

ಇಂಥವನ ಗಾಡಿಗೆ ಅವನ ಹೆಂಡತಿ ಹತ್ತುವುದಿಲ್ಲ ಎಂದರೆ ಊರು ಬಿಡುತ್ತದೆಯೇ? ಚಹಾದ ಅಂಗಡಿಯಲ್ಲಿ, ಇನ್ನೊಂದು ಪಿಕಪ್ ಓಡಿಸುವ ಪರಮಣ್ಣ ದಿನಾ ಕೇಳುತ್ತಿದ್ದ. "ತತ್ತಿಗಿರೋ ಧೈರ್ಯ ನಿನ್ನ ಹೇಣ್ತಿಗಿಲ್ಲೇನೋ ಗದ್ದೆಪ್ಪ?" ಅವನು ನಗುತ್ತಿದ್ದ. ಒಳಗೆ ಸುಡುತ್ತಿತ್ತು ಎಂದು ನನಗೆ ಗೊತ್ತಿತ್ತು.

ಆದದ್ದು ಇಷ್ಟೇ. ಮೂರು ವರ್ಷದ ಹಿಂದೆ ಗಂಡ ಹೆಂಡತಿ ಸಂತೆಗೆ ಹೋಗಿ ಬರುವಾಗ ಊರ ಹತ್ತಿರದ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ತಟ್ಟನೆ ತಳಕ್ಕೆ ಹೋಯಿತು. ಎಲ್ಲೋ ಪೈಪು ಸೀಳಿ ಎಣ್ಣೆಯೆಲ್ಲ ಸೋರಿಹೋಗಿತ್ತು. ಗದ್ದೆಪ್ಪ ಗೇರು ಇಳಿಸಿ, ಗಾಡಿಯನ್ನು ಪಕ್ಕದ ಹತ್ತಿಕಟ್ಟಿಗೆಯ ಬಣವೆಗೆ ತಂದು ನುಗ್ಗಿಸಿದ. ಯಾರಿಗೂ ಗಾಯವಾಗಲಿಲ್ಲ. ಹುಲಗೆಮ್ಮನ ಕೈಯ ಹಸಿರು ಬಳೆಗಳೆಲ್ಲ ಡ್ಯಾಶ್‌ಬೋರ್ಡಿಗೆ ಬಡಿದು ಒಡೆದವು. ಗಂಡ ಪಕ್ಕದಲ್ಲೇ ಕುಳಿತಿದ್ದಾನೆ, ಕೈ ಬರಿದಾಗಿದೆ. ಅವಳು ಕೆಳಗಿಳಿದು, ಬಣವೆಯ ಕಸ ಕೊಡವಿಕೊಂಡು, "ನಾ ಸತ್ರ ನನ್ನ ಹೆಣಾನೂ ಈ ಗಾಡ್ಯಾಗ ಹೇರಬ್ಯಾಡ್ರಿ" ಎಂದು ಹೇಳಿ ನಡೆದುಕೊಂಡೇ ಮನೆಗೆ ಹೋದಳು. ಗದ್ದೆಪ್ಪ ಪೈಪು ಬದಲಿಸಿದ, ಸಮಾಧಾನ ಹೇಳಿದ, ಆಣೆ ಇಟ್ಟ. "ಎಣ್ಣಿ ಇಳದಿತ್ತು, ಅಷ್ಟs. ಎಣ್ಣಿ ಇದ್ರ ಬ್ರೇಕ್ ಎಲ್ಲಿ ಹೋಗ್ತದ?" ಎಂದು ನೂರು ಸಲ ಹೇಳಿದ. ಅವಳು ಕೇಳಲಿಲ್ಲ.

ಈ ವರ್ಷ ವಿಷಯ ಬೇರೆಯಾಯಿತು. ಅವರ ಒಬ್ಬಳೇ ಮಗಳು ಮಂಜುಳಾಳನ್ನು ಮಾನ್ವಿಗೆ ಕೊಟ್ಟಿದ್ದಾರೆ. ಅವಳಿಗೆ ಏಳು ತಿಂಗಳು ತುಂಬಿ, ಗುರುವಾರ ಮಾನ್ವಿಯಲ್ಲಿ ಕುಬಸ, ಅಂದರೆ ಸೀಮಂತದ ಕಾರ್ಯ, ಸೋಮವಾರ ಹೆರಿಗೆಗೆ ತವರಿಗೆ ಕರೆತರುವುದು ಎಂದು ದಿನ ಗೊತ್ತಾಯಿತು.

"ನನ್ನ ಮಗಳು ಬಸ್ಸಿನ್ಯಾಗ ನಿಂತು ಬರಾಂಗಿಲ್ಲ" ಎಂದ ಗದ್ದೆಪ್ಪ.

"ನಿನ್ನ ಗಾಡ್ಯಾಗ ಕುಂತೂ ಬರಾಂಗಿಲ್ಲ" ಎಂದಳು ಹುಲಗೆಮ್ಮ.

ಮರುದಿನ ಬೆಳಿಗ್ಗೆ ಅವನು ನನ್ನ ಅಂಗಡಿಯ ಮುಂದೆ ನಿಂತಿದ್ದ. ಕುಬಸಕ್ಕೆ ಇನ್ನೂ ಮೂರು ವಾರವಿತ್ತು. "ಅಣ್ಣಾರ, ಮುಂದಿನ ಬ್ರೇಕ್ ಎಲ್ಲಾ ಹೊಸಾವು ಕೊಡ್ರಿ. ಹಳೀದು ಒಂದು ಬೋಲ್ಟ್ ಉಳೀಬಾರದು. ಈ ಸಲ ಆಕಿ ನನ್ನ ಬಾಜೂಕ ಕುಂದ್ರಬೇಕು. ಕುಂದ್ರದಿದ್ರ ನಾ ಡ್ರೈವರ್ ಅಲ್ಲ." ಅವನ ಮುಖ ನೋಡಿ ನನಗೇ ಕನಿಕರ ಬಂತು. ಗಾಲಿಯನ್ನು ಹಿಡಿಯುವ ಪ್ಯಾಡು, ಆ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ರಬ್ಬರು, ಪೆಡಲಿನಿಂದ ಎಣ್ಣೆಯನ್ನು ಗಾಲಿಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರು, ಎಲ್ಲವನ್ನೂ ಡಬ್ಬಿ ಒಡೆದು ತೋರಿಸಿ ಕೊಟ್ಟೆ. ನನ್ನ ಅಂಗಡಿಯ ಎದುರಿಗೇ ಜಿಲಾನಿ ಪಾಷಾನ ಗ್ಯಾರೇಜು. ಜಿಲಾನಿ ಅರವತ್ತರ ಹತ್ತಿರದ ಮನುಷ್ಯ, ಕೈ ಚುರುಕು, ಮಾತು ನಿಧಾನ, ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಳ್ಳುತ್ತಾನೆ ಹೊರತು ಕಣ್ಣಿಗೆ ಇಳಿಸುವುದಿಲ್ಲ. ಒಂದು ದಿನದಲ್ಲಿ ಎಲ್ಲ ಕಟ್ಟಿಕೊಟ್ಟ. ಗದ್ದೆಪ್ಪ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಬಾನೆಟ್ ಎತ್ತಿ ಹೆಂಡತಿಗೆ ಒಂದೊಂದೇ ತೋರಿಸಿದನಂತೆ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವನಿಗೆ ಅದೇ ದೊಡ್ಡದಾಯಿತು.

ಮುಂದಿನ ಮಂಗಳವಾರ ನಾನು ಜಿಲಾನಿಯ ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತಿದ್ದಾಗ ಗದ್ದೆಪ್ಪನ ಫೋನ್ ಬಂತು. ಜಿಲಾನಿಯ ಕೈಗೆ ಗ್ರೀಸು, ಸ್ಪೀಕರ್ ಹಾಕಿದ.

"ಉಸ್ತಾದ್, ಬ್ರೇಕ್ ಹಿಡ್ಯಾಕತ್ತಾವ್ರಿ."

"ಹಿಡೀಬೇಕಲ್ಲಪಾ. ಹಿಡೀಲಿ ಅಂತನs ಹಾಕೀನಿ."

"ಹಂಗಲ್ರಿ. ಭಾಳ ಹಿಡ್ಯಾಕತ್ತಾವ."

"ಭಾಳ ಹಿಡದ್ರ ಭಾಳ ಛಲೋ. ಖುಷಿಯಿಂದ ಇರು" ಎಂದು ಹೇಳಿ ಜಿಲಾನಿ ಫೋನ್ ಇಟ್ಟ. "ನೋಡ್ರಿ ಸಿದ್ದರಾಮಪ್ಪ, ಕೆಲಸ ಆದ್ಮ್ಯಾಲ ಫೋನ್ ಮಾಡಿ ಹೊಗಳೋ ಗಿರಾಕಿ ಈ ಕಾಲದಾಗ ಎಲ್ಲಿ ಸಿಗ್ತಾರ" ಎಂದು ನನಗೂ ಹೇಳಿದ.

ತಪ್ಪು ಅವನದೂ ಅಲ್ಲ. ನಮ್ಮ ಕಡೆ ಬ್ರೇಕ್ ಹಿಡಿಯುತ್ತದೆ ಎಂದರೆ ಹೊಗಳಿಕೆ. ಬ್ರೇಕ್ ಹಿಡಿದುಕೊಂಡು ಬಿಡುತ್ತಲೇ ಇಲ್ಲ ಎನ್ನುವುದಕ್ಕೂ ಅದೇ ಮಾತು. ಎದುರಿಗಿದ್ದರೆ ಮುಖ ನೋಡಿ ತಿಳಿಯಬಹುದು. ಫೋನಿನಲ್ಲಿ ಮುಖ ಎಲ್ಲಿಂದ ತರುವುದು? ಐದು ನಿಮಿಷಕ್ಕೆ ಮತ್ತೆ ಫೋನ್ ಬಂತು, ಜಿಲಾನಿ ಮತ್ತೆ "ಶುಕ್ರಿಯಾ" ಎಂದು ಇಟ್ಟ. ಆಮೇಲೆ ವಿಡಿಯೊ ಬಂತು. ಗಬ್ಬೂರಿನ ಹತ್ತಿರ ಪಿಕಪ್ ರಸ್ತೆಯ ಪಕ್ಕಕ್ಕೆ ನಿಂತಿದೆ, ಮುಂದಿನ ಗಾಲಿಯಿಂದ ಹೊಗೆ ಏಳುತ್ತಿದೆ, ಹಿಂದೆ ಯಾರದೋ ದನಿ ಕೇಳುತ್ತಿದೆ. "ತತ್ತಿ ಬೆಂದಾವೇನೋ ಗದ್ದೆಪ್ಪ, ಉಪ್ಪು ಖಾರ ತರ್ಲೇನು?"

ಗಾಲಿ ತಣ್ಣಗಾದ ಮೇಲೆ ಬ್ರೇಕ್ ಬಿಟ್ಟಿತು. ಗದ್ದೆಪ್ಪ ಎತ್ತಿನ ಬಂಡಿಯ ವೇಗದಲ್ಲಿ ಊರಿಗೆ ಬಂದ. ಜಿಲಾನಿ ಗಾಲಿ ಬಿಚ್ಚಿ, ಪ್ಯಾಡುಗಳ ಅಂಚು ಅರದಿಂದ ಉಜ್ಜಿ, ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಗ್ರೀಸು ಹಚ್ಚಿದ. "ಹೊಸಾ ಪ್ಯಾಡ್, ಜರಾ ಬಿಗೀ ಇರ್ತಾವ. ನಾಕು ದಿನ ಓಡ್ಲಿ, ಸರಿ ಆಗ್ತಾವ" ಎಂದ. ನಾಕು ದಿನ ಓಡಿತು. ಐದನೆಯ ದಿನ ಮತ್ತೆ ಹೊಗೆ. ಈ ಸಲ ಕ್ಯಾಲಿಪರುಗಳನ್ನೇ ಇಡಿಯಾಗಿ ಬದಲಿಸಿದೆವು. ಮಾಸ್ಟರ್ ಸಿಲಿಂಡರನ್ನೂ ಬಿಚ್ಚಿ ನಾನು ಬೇರೆಯದನ್ನು ಕೊಟ್ಟೆ. ಮೇಲಿನ ಎಣ್ಣೆಡಬ್ಬಿ ಹಳೆಯದೇ ಇತ್ತು. ಜಿಲಾನಿ ಅದರಲ್ಲಿದ್ದುದನ್ನು ಚೆಲ್ಲಿ, ಒಳಗೆ ಇಣುಕದೆ, ಹೊಸದರ ಮೇಲೆ ಅದನ್ನೇ ಕೂರಿಸಿದ. ಮೂರನೆಯ ವಾರ ಮಂಗಳವಾರ ಗಾಡಿ ರಾಯಚೂರಿನಲ್ಲೇ, ಮಾಲು ಹೇರಿ ಊರ ಅಗಸಿಬಾಗಿಲು ದಾಟುವ ಮೊದಲೇ ನಿಂತುಬಿಟ್ಟಿತು.

ಬುಧವಾರ ಬೆಳಿಗ್ಗೆ ಗ್ಯಾರೇಜಿಗೆ ಬಂದ ಗದ್ದೆಪ್ಪನ ಕಣ್ಣು ಕೆಂಪಗಿದ್ದವು. ಮರುದಿನವೇ ಕುಬಸ. "ಆಕಿ ನಿನ್ನೆ ಕೇಳಿದ್ಳು, ಗಾಡಿ ಹೆಂಗೈತಿ ಅಂತ. ಮೂರು ವರ್ಷಕ್ಕ ಮೊದಲ್ನೇ ಸಲ ತಾನಾಗಿ ಕೇಳಿದ್ಳು. ನಾ ಏನಂತ ಹೇಳ್ಲಿ?" ಎಂದ.

ಜಿಲಾನಿ ಮೆಲ್ಲಗೆ ನನ್ನ ಕಡೆ ತಿರುಗಿದ. "ಕಟ್ಟೋದ್ರಾಗ ನನ್ನ ಕಡಿಂದ ಕಸರು ಇಲ್ಲ. ಮಾಲ್ ದೋ ನಂಬರ್ ಇರಬೇಕು, ಸಿದ್ದರಾಮಪ್ಪ."

ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. "ಕುಣೀಲಾರದಾಕಿ ನೆಲ ಡೊಂಕು ಅಂದ್ಳಂತ. ಕಣ್ಣಿಗಿ ಹಾಕೋ ಕನ್ನಡಕ ಹಣಿ ಮ್ಯಾಲ ಇಟ್ಕೊಂಡು ಕೆಲಸ ಮಾಡ್ತಿ, ನನ್ನ ಮಾಲಿಗಿ ದೋ ನಂಬರ್ ಅಂತೀ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಮೂವತ್ತು ವರ್ಷ ಒಟ್ಟಿಗೆ ಚಹಾ ಕುಡಿದವರು ನಾವು. ಅವನು ಅಂದದ್ದರಿಂದ ನನಗೆ ನಿಜವಾಗಿಯೂ ನೋವಾಯಿತು. ಅವನಿಗೂ ನನ್ನ ಮಾತಿನಿಂದ ಆಗಿರಬೇಕು. ಸ್ಪ್ಯಾನರು ಒರೆಸಿ ಕೆಳಗಿಟ್ಟ. ಆಮೇಲೆ ಹಣೆಯ ಮೇಲಿನ ಕನ್ನಡಕವನ್ನು ಮೂಗಿನ ಮೇಲೆ ಇಳಿಸಿದ.

"ಹಾಕೋದು ಸಾಕು. ಈಗ ಗಾಡಿನ್ನs ಕೇಳೂಣು" ಎಂದ.

ಜಾಕ್ ಕೊಟ್ಟು ಮುಂದಿನ ಗಾಲಿ ಎತ್ತಿದ. ಗದ್ದೆಪ್ಪನಿಗೆ ಪೆಡಲ್ ಒತ್ತಿ ಬಿಡಲು ಹೇಳಿದ. ಒತ್ತಿದಾಗ ಗಾಲಿ ಹಿಡಿಯಿತು, ಬಿಟ್ಟಾಗ ಬಿಡಲಿಲ್ಲ. ನಾವಿಬ್ಬರೂ ಕೈಹಾಕಿ ತಿರುವಿದರೂ ಅಲ್ಲಾಡಲಿಲ್ಲ. ಜಿಲಾನಿ ಕ್ಯಾಲಿಪರಿನ ಸಣ್ಣ ತಿರುಪು ಮೊಳೆಯನ್ನು ಸಡಿಲಿಸಿದ. ಅಲ್ಲಿಂದ ಎಣ್ಣೆ ಚಿಮ್ಮಿತು, ಗಾಲಿ ಸಲೀಸಾಗಿ ತಿರುಗಿತು. "ಅಂದ್ರ ಪಿನ್ನಿಂದಲ್ಲ, ಪ್ಯಾಡಿಂದಲ್ಲ. ಎಣ್ಣಿ ಒಳಗs ಸಿಗಬಿದ್ದದ. ವಾಪಸ್ ಹೋಗ್ವಲ್ತು." ಮೊಳೆ ಬಿಗಿಮಾಡಿ ಮತ್ತೆ ಪೆಡಲ್ ಒತ್ತಿಸಿದ. ಮತ್ತೆ ಹಿಡಿಯಿತು. ಈ ಸಲ ಬಾನೆಟ್ ಎತ್ತಿ, ಮೇಲೆ ಮಾಸ್ಟರ್ ಸಿಲಿಂಡರಿನ ಬಾಯಲ್ಲೇ ಪೈಪನ್ನು ಸಡಿಲಿಸಿದ. ಗಾಲಿ ಮತ್ತೆ ಬಿಟ್ಟಿತು. "ಅಂದ್ರ ನಡುವಿನ ಪೈಪ್ ಸಾಫ್ ಅದ. ದಾರಿ ಇಲ್ಲೇ ಬಂದ್ ಆಗ್ಯದ."

ಮಾಸ್ಟರ್ ಸಿಲಿಂಡರು ನನ್ನ ಮಾಲು. ಎರಡನೆಯ ಸಲ ಕೊಟ್ಟ ಹೊಸ ಮಾಲು.

ಜಿಲಾನಿ ಎಣ್ಣೆಡಬ್ಬಿಯ ಮುಚ್ಚಳ ತಿರುವಿ ತೆಗೆದ. ಮುಚ್ಚಳದ ಒಳಗಿನ ರಬ್ಬರು ಕರಿದ ಹಪ್ಪಳದ ಹಾಗೆ ಉಬ್ಬಿ ಸೊಟ್ಟಗಾಗಿತ್ತು. ಮೇಲೆ ಹಳದಿ ಬಣ್ಣದ್ದೇನೋ ಒಂದು ಪದರ ತೇಲುತ್ತಿತ್ತು. ಅವನು ಬೆರಳು ಅದ್ದಿ ಮೂಸಿದ. ಬೆರಳನ್ನು ನನ್ನ ಮೂಗಿನ ಹತ್ತಿರ ತಂದ. ನನಗೆ ಆ ವಾಸನೆ ಗೊತ್ತು. ಪ್ರತಿ ಶನಿವಾರ ಹನುಮಪ್ಪನ ಗುಡಿಯಲ್ಲಿ ಕೈಮುಗಿದು ನಿಂತಾಗ ಮೂಗಿಗೆ ಬರುವ ವಾಸನೆ ಅದು.

"ದೀಪದೆಣ್ಣಿ" ಎಂದೆ.

ಬ್ರೇಕಿಗೆ ಹಾಕುವ ಎಣ್ಣೆಯೇ ಬೇರೆ. ಅಂಗಡಿಯಲ್ಲಿ ಸಿಗುವ ದೀಪದೆಣ್ಣೆಯ ಪಾಕೀಟಿನಲ್ಲಿ ತಿನ್ನಲಿಕ್ಕಲ್ಲ ಎಂದು ಬರೆದಿರುತ್ತದೆ, ಅದರಲ್ಲಿ ಏನೇನು ಬೆರಸಿರುತ್ತಾರೋ ದೇವರಿಗೇ ಗೊತ್ತು. ಆ ಎಣ್ಣೆ ತಗುಲಿದರೆ ಬ್ರೇಕಿನ ಒಳಗಿನ ರಬ್ಬರುಗಳು ಉಬ್ಬಿ, ಎಣ್ಣೆ ಹಿಂದಕ್ಕೆ ಹೋಗುವ ಸಣ್ಣ ತೂತನ್ನೇ ಮುಚ್ಚಿಬಿಡುತ್ತವೆ. ಎಷ್ಟು ಹೊಸ ಸಾಮಾನು ಹಾಕಿದರೂ ಅದೇ ಹಾಡು. ನನ್ನ ಮಾಲು ಶುದ್ಧ, ಜಿಲಾನಿಯ ಕೈ ಶುದ್ಧ. ಹಾಗಾದರೆ ಇದನ್ನು ಸುರಿದವರು ಯಾರು?

"ಯಾವನೋ ಹೊಟ್ಟೆಕಿಚ್ಚಿನ ಮಗ" ಎಂದು ಗದ್ದೆಪ್ಪ ಹಲ್ಲು ಕಡಿದ. "ಪರಮಣ್ಣನs ಇರಬೇಕು. ಅವನ ಕಾಲು ಮುರೀತೀನಿ."

"ನಾನs ಹಾಕೀನಿ" ಎಂಬ ದನಿ ಹಿಂದಿನಿಂದ ಬಂತು.

ಹುಲಗೆಮ್ಮ ಬುತ್ತಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಡ ಬೆಳಿಗ್ಗೆ ಉಣ್ಣದೆ ಬಂದದ್ದಕ್ಕೆ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು.

"ಏನಂದಿ?" ಎಂದ ಗದ್ದೆಪ್ಪ.

"ನೀನs ಹೇಳಿದ್ದಿ, ಎಣ್ಣಿ ಇಳದಿತ್ತು, ಅದಕ್ಕ ಬ್ರೇಕ್ ಹೋತು ಅಂತ. ಮೊನ್ನಿ ಬಾನೆಟ್ ತಗದು ತೋರಿಸ್ದಿ, ಈ ಗೀಟಿನತನಕ ಎಣ್ಣಿ ಇರಬೇಕು ಅಂದಿ. ಶನಿವಾರ ನೋಡಿದ್ನಿ, ಒಂದು ಬೆಟ್ಟು ಕೆಳಗ ಇತ್ತು. ಹನುಮಪ್ಪಗ ಎಣ್ಣಿ ಕೊಟ್ಟು ಬಂದಿದ್ನಿ, ಉಳದಿದ್ದು ಹಾಕ್ದೆ. ಮುಂದಿನ ಎರಡು ಶನಿವಾರನೂ ನೋಡಿದ್ನಿ, ಮತ್ತ ಹಾಕ್ದೆ."

"ಯವ್ವಾ, ಅದು ಬ್ರೇಕ್ ಎಣ್ಣಿ. ಇದು ದೀಪದೆಣ್ಣಿ" ಎಂದ ಜಿಲಾನಿ, ಆದಷ್ಟು ಮೆತ್ತಗೆ.

"ನೀವು ಎಣ್ಣಿ ಅಂದ್ರಿ, ನಾನು ಎಣ್ಣಿ ಹಾಕ್ದೆ. ಬ್ಯಾರೆ ಇದ್ದಿದ್ರ ಬ್ಯಾರೆ ಹೆಸರು ಇಡಬೇಕಿತ್ತು" ಎಂದಳು.

ಮೂವತ್ತು ವರ್ಷದಿಂದ ಆ ಡಬ್ಬಿಯನ್ನು ಎಣ್ಣಿ ಎಣ್ಣಿ ಎಂದು ಮಾರಿದವನು ನಾನೇ. ನಾನು ಬಾಯಿ ಮುಚ್ಚಿಕೊಂಡೆ.

ಗದ್ದೆಪ್ಪ ಬಾಯಿ ಮುಚ್ಚಲಿಲ್ಲ. ಮೂರು ವಾರದ ಹೊಗೆ, ಊರವರ ನಗು ಎಲ್ಲ ಒಮ್ಮೆಲೇ ಹೊರಬಿತ್ತು. "ಮೂರು ವರ್ಷ ನನ್ನ ಗಾಡಿ ಹತ್ತಲಿಲ್ಲ. ಊರ ಮಂದಿ ಮುಂದ ಮಾನ ಕಳದಿ. ಈಗ ಕೈ ಹಾಕಿ ಗಾಡಿನೂ ಕೆಡಿಸಿದಿ. ನೀ ಹತ್ತದಿದ್ರ ಬಿಡು, ಮುಟ್ಟಾಕ ಯಾಕ ಬಂದಿ?"

ಹುಲಗೆಮ್ಮ ಬುತ್ತಿಯ ಗಂಟನ್ನು ಗಾಡಿಯ ಬಂಪರಿನ ಮೇಲೆ ಇಟ್ಟಳು. "ಹತ್ತಬೇಕು ಅಂತನs ಮುಟ್ಟೀನಿ" ಎಂದಳು. "ಕಣ್ಣು ಮುಚ್ಚಿಕೊಂಡು ಹೆಂಗ ಕುಂದ್ರಲಿ? ಎಣ್ಣಿ ನಾನs ನೋಡೀನಿ ಅಂದ್ರ ಧೈರ್ಯ ಬರ್ತದ ಅಂತ ನೋಡಿದ್ನಿ." ಅಷ್ಟು ಹೇಳಿ ಹೊರಟುಹೋದಳು.

ಗದ್ದೆಪ್ಪ ಟಯರಿನ ಮೇಲೆ ಕುಸಿದು ಕುಳಿತ. ಬುತ್ತಿಯನ್ನು ಬಿಚ್ಚಲೂ ಇಲ್ಲ. ನನಗಂತೂ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, "ಮೂರು ವರ್ಷ ಕಾದಿ, ಇನ್ನ ಒಂದು ಗಳಿಗಿ ಬಾಯಿ ಮುಚ್ಕೊಂಡು ಇರಾಕ ಆಗಲಿಲ್ಲೇನಲೇ?" ಎಂದು ಬೈದೇಬಿಟ್ಟೆ.

ಜಿಲಾನಿ ಲೆಕ್ಕ ಹೇಳಿದ. ಎಣ್ಣೆ ಹರಿದಲ್ಲೆಲ್ಲ ರಬ್ಬರು ಹೊಸದಾಗಬೇಕು. ಮುಂದಿನದೂ ಹಿಂದಿನದೂ, ಪೈಪುಗಳೂ. ಪೂರಾ ತೊಳೆದು ಕಟ್ಟಲು ಮೂರು ದಿನ. ಕೆಲವು ರಬ್ಬರ್ ಕಿಟ್ ನನ್ನಲ್ಲಿ ಇರಲಿಲ್ಲ. ಮಾನ್ವಿಯಲ್ಲಿ ನನ್ನ ಷಡ್ಡಕ ದೊಡ್ಡ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದಾನೆ, ಅವನಲ್ಲಿ ಇತ್ತು. ಹೀಗಾಗಿ ಗುರುವಾರ ಬೆಳಿಗ್ಗೆ ಮಾನ್ವಿಯ ಬಸ್ಸಿಗೆ ನಾನೂ ಹೋದೆ.

ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಹುಲಗೆಮ್ಮ ಕುಬಸದ ಸೀರೆ, ಬಳೆ, ಹೂವಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಗದ್ದೆಪ್ಪ ಬಂದ. ಬಸ್ಸಿನ ಬಾಗಿಲಲ್ಲಿ ಅಭ್ಯಾಸಬಲದಿಂದ ಚಪ್ಪಲಿ ಕಳಚಲು ಹೋಗಿ, ಹಿಂದಿನವರು ನೂಕಿದ್ದಕ್ಕೆ ಹಾಗೇ ಹತ್ತಿದ. ಪರಮಣ್ಣ ತನ್ನ ಗಾಡಿ ಕೊಡುತ್ತೇನೆ ಎಂದರೂ ಬೇಡ ಎಂದಿದ್ದನಂತೆ. ಹೆಂಡತಿಯ ಪಕ್ಕ ಕುಳಿತ. ಅವಳು ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡು ಜಾಗ ಕೊಟ್ಟಳು, ಮಾತು ಕೊಡಲಿಲ್ಲ. ನಾನು ಅವರ ಹಿಂದಿನ ಸೀಟಿನಲ್ಲಿದ್ದೆ.

ಬಸ್ಸಿನ ಡ್ರೈವರು ಹೊಸ ಹುಮ್ಮಸ್ಸಿನ ಆಳು. ಊರು ದಾಟಿದ್ದೇ ಗಾಳಿಯಾದ. ಮೊದಲ ತಿರುವಿನಲ್ಲಿ ಗದ್ದೆಪ್ಪನ ಬಲಗಾಲು ಸೀಟಿನ ಮುಂದಿನ ತಗಡನ್ನು ಧಡ್ ಎಂದು ಒದೆಯಿತು. ಎರಡನೆಯ ತಿರುವಿನಲ್ಲೂ ಒದೆಯಿತು. ಎದುರಿಗೆ ಟ್ರಾಕ್ಟರ್ ಬಂದಾಗ ಎರಡೂ ಕಾಲಿನಿಂದ ಒದ್ದ. ಕುರಿಮಂದೆ ಬಂದಾಗ ಎದ್ದು ನಿಂತು, "ಒತ್ತೋ, ಒತ್ತೋ" ಎಂದು ಕೂಗಿದ. ಡ್ರೈವರು ಕನ್ನಡಿಯಲ್ಲೇ ನೋಡಿ, "ಯಜಮಾನ್ರ, ಸ್ಟೇರಿಂಗ್ ನಿಮಗ ಕೊಟ್ಟು ನಾ ಹಿಂದ ಮಲಗ್ಲೇನ್ರಿ?" ಎಂದ. ಬಸ್ಸೆಲ್ಲ ನಕ್ಕಿತು. ಗದ್ದೆಪ್ಪ ಕುಳಿತ, ಆದರೆ ಕಾಲು ಕುಳಿತುಕೊಳ್ಳಲಿಲ್ಲ. ಸಿರವಾರ ಬರುವಷ್ಟರಲ್ಲಿ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಇಪ್ಪತ್ತಾರು ವರ್ಷದಲ್ಲಿ ಅವನು ಇನ್ನೊಬ್ಬರ ಕಾಲಿನ ಕೆಳಗಿನ ಬ್ರೇಕನ್ನು ನಂಬಿ ಕುಳಿತದ್ದೇ ಇಲ್ಲ.

ಸಿರವಾರ ದಾಟಿ, ಕಾಲುವೆಯ ನೀರಿನ ಗದ್ದೆಗಳು ಶುರುವಾದ ಮೇಲೆ ಅವನು ಮೆಲ್ಲಗೆ ಹೇಳಿದ. "ಅಂಜಿಕಿ ಬರಾಕತ್ತದ, ಹುಲಗಿ."

ಹುಲಗೆಮ್ಮ ಅವನ ಕಡೆ ತಿರುಗಿ ನೋಡಿದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಅವನ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು. "ಬರ್ತದ. ಬ್ರೇಕ್ ಇನ್ನೊಬ್ರ ಕಾಲಾಗ ಇದ್ರ ಬರ್ತದ."

"ಅವತ್ತು ನಿನಗ ಹಿಂಗs ಆಗಿತ್ತೇನು?"

"ಇದಕ್ಕಿಂತ ಜಾಸ್ತಿ. ಅವತ್ತು ಬ್ರೇಕ್ ಇದ್ದಿದ್ದಿಲ್ಲಲ್ಲ."

"ನಾ ಅದನ್ನ ಕೇಳಲೇ ಇಲ್ಲ ನೋಡು. ಬರೇ ಎಣ್ಣಿ ಕಥಿ ಹೇಳಿದ್ನಿ" ಎಂದ. ನಾನು ಕಿಟಕಿಯ ಹೊರಗೆ ನಾಟಿ ನೋಡುವವನಂತೆ ಮುಖ ತಿರುಗಿಸಿಕೊಂಡೆ.

ಮಾನ್ವಿಯಲ್ಲಿ ಇಳಿಯುವಾಗ ಹುಲಗೆಮ್ಮ ಹೇಳಿದಳು. "ಸೋಮವಾರಕ್ಕ ಗಾಡಿ ತಯಾರ್ ಆಗ್ತದೇನು ಕೇಳು. ಮಗಳನ್ನ ಬಸ್ಸಿನ್ಯಾಗ ತರೋದು ಬ್ಯಾಡ."

ಗದ್ದೆಪ್ಪ ನನ್ನ ಮುಖ ನೋಡಿದ. ಮೂರು ದಿನದ ಕೆಲಸವನ್ನು ಜಿಲಾನಿ ಎರಡೂವರೆ ದಿನದಲ್ಲಿ ಮುಗಿಸಿದ. ಕನ್ನಡಕ ಒಮ್ಮೆಯೂ ಹಣೆಗೆ ಏರಲಿಲ್ಲ.

ಸೋಮವಾರ ಬೆಳಿಗ್ಗೆ ಹುಲಗೆಮ್ಮ ಗ್ಯಾರೇಜಿಗೆ ಬಂದಳು. ಜಿಲಾನಿ ಗಾಲಿ ಎತ್ತಿಟ್ಟು, "ಯವ್ವಾ, ನೀವs ತಿರುವಿ ನೋಡ್ರಿ" ಎಂದ. ಅವಳು ಸೆರಗು ಸಿಕ್ಕಿಸಿ, ಒಂದೇ ಕೈಯಲ್ಲಿ ತಿರುವಿದಳು. ಗಾಲಿ ಸದ್ದಿಲ್ಲದೆ ತಿರುಗಿತು. ಎರಡೂ ಗಾಲಿಗಳನ್ನು ನೋಡಿ ಹೂಂ ಎಂದಳು. ಗದ್ದೆಪ್ಪ ಬಾಗಿಲು ತೆರೆದು ಹಿಡಿದ. ಅವಳು ಹತ್ತಿದಳು.

ಅವಳು ಕುಳಿತು, ಅತ್ತಿತ್ತ ನೋಡಿ, ಎರಡು ಸೀಟಿನ ನಡುವೆ ಇದ್ದ ಸರಳನ್ನು ಮುಟ್ಟಿದಳು. "ಇದೇನು?"

"ಹ್ಯಾಂಡ್ ಬ್ರೇಕ್. ಗಾಡಿ ನಿಂತಾಗ ಎಳೀತಾರ."

"ಇದಕ್ಕ ಎಣ್ಣಿ ಬೇಕೇನು?"

"ಬ್ಯಾಡ" ಎಂದು ನಾವು ಮೂವರೂ ಒಟ್ಟಿಗೆ ಹೇಳಿದೆವು.

"ವಯರ್ ಮ್ಯಾಲ ನಡೀತದ್ರಿ" ಎಂದು ಜಿಲಾನಿ ವಿವರಿಸಿದ. "ಓಡುವಾಗ ಮಾತ್ರ ಎಳೀಬ್ಯಾಡ್ರಿ, ಯವ್ವಾ. ಗಾಡಿ ಗರ್ರಂತ ತಿರಗ್ತದ."

"ಹಂಗಾರ ಕಾಲಿಂದು ನೀ ನೋಡ್ಕೋ, ಕೈಯಿಂದು ನನ್ನ ಕಡಿ ಇರಲಿ" ಎಂದು ಹುಲಗೆಮ್ಮ ಆ ಸರಳನ್ನು ಮುಷ್ಟಿ ಕಟ್ಟಿ ಹಿಡಿದಳು. ಜಿಲಾನಿ ಏನೋ ಹೇಳಲು ಬಾಯಿ ತೆರೆದ. ಗದ್ದೆಪ್ಪ ಕೈ ಅಡ್ಡ ಮಾಡಿ ತಡೆದ. "ಇರಲಿ ಬಿಡ್ರಿ" ಎಂದ. ಗಾಡಿ ಹೋಯಿತು. ನಾನು ಮತ್ತು ಜಿಲಾನಿ ಆ ದಿನ ಯಾವ ಗಿರಾಕಿಗೂ ಸರಿಯಾಗಿ ಉತ್ತರ ಕೊಡಲಿಲ್ಲ.

ಮಂಗಳವಾರ ಗದ್ದೆಪ್ಪ ತತ್ತಿಗೆ ಹೋಗುವ ಮೊದಲು ನನ್ನ ಅಂಗಡಿಗೆ ಬಂದ. ಮಗಳು ಆರಾಮಾಗಿ ಮನೆ ಸೇರಿದ್ದಳು. "ಹೋಗುವಾಗ ಬರುವಾಗ ಆಕಿ ಕೈ ಅದರ ಮ್ಯಾಲಿಂದ ತಗೀಲಿಲ್ರಿ" ಎಂದ. "ನಮ್ಮೂರ ಇಳಿಜಾರಿಗಿ ಬಂದ್ವಿ. ನಾ ಓರೆಗಣ್ಣಿಲೆ ನೋಡಾಕತ್ತಿದ್ನಿ. ಕೈಬೆಟ್ಟೆಲ್ಲ ಬೆಳ್ಳಗಾಗೋ ಹಂಗ ಬಿಗೀ ಹಿಡದಿದ್ಳು."

"ಎಳೆದ್ಳೇನು?" ಎಂದೆ.

ಅವನು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ.

"ಇಲ್ರಿ" ಎಂದ. "ಒಮ್ಮಿನೂ ಎಳೀಲಿಲ್ಲ."